ಸಹಾಯಕನಾಗಿದ್ದವನು ಮುಖ್ಯನಾದಾಗ: ಥಾಮಸ್ ಮನ್ರೋ

ಎರಡನೆಯ ಸ್ಥಾನದಲ್ಲಿ ಸಮರ್ಥನೆನಿಸಿದವನು ಮೊದಲನೆಯ ಸ್ಥಾನದಲ್ಲಿಯೂ ಸಮರ್ಥನಾಗಿಯೇ ತೀರುವನೆಂಬ ನಿಯಮವೇನೂ ಇಲ್ಲ. ಕಾಲ್ಚೆಂಡಾಟದ ತಂಡದಲ್ಲಿ ಸಹಾಯಕ ಶಿಕ್ಷಕನಾಗಿ ಹೆಸರು ಗಳಿಸಿದವನು ಮುಖ್ಯ ಶಿಕ್ಷಕನಾದೊಡನೆ ಎಡವುವುದುಂಟು. ಕಚೇರಿಗಳಲ್ಲಿಯೂ ವಿದ್ಯಾಲಯಗಳಲ್ಲಿಯೂ ಇದನ್ನು ಕಾಣುತ್ತೇವೆ. ಒಪ್ಪಿಸಿದ ಕೆಲಸವನ್ನು ನಡೆಸುವ ಜಾಣ್ಮೆ ಬೇರೆ, ಅದರ ಫಲಕ್ಕೆ ಹೊಣೆಯಾಗುವ ಧೈರ್ಯ ಬೇರೆ. ಹಗರಿಬೊಮ್ಮನಹಳ್ಳಿಯ ಸುತ್ತಣ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಗಳನ್ನು ಆಳಿದ ಥಾಮಸ್ ಮನ್ರೋ ಸಾಹೇಬನ ಬಾಳು ಇದಕ್ಕೆ ಒಳ್ಳೆಯ ನಿದರ್ಶನ.

ಮನ್ರೋ 1761ರಲ್ಲಿ ಗ್ಲಾಸ್ಗೋ ನಗರದ ವರ್ತಕನೊಬ್ಬನ ಮಗನಾಗಿ ಹುಟ್ಟಿದನು. 1780ರಲ್ಲಿ ಕಂಪೆನಿಯ ಸೈನ್ಯವನ್ನು ಸೇರಿ ಮದರಾಸಿಗೆ ಬಂದು, ಹೈದರ್ ಮತ್ತು ಟಿಪ್ಪು ಇವರೊಡನೆ ನಡೆದ ಯುದ್ಧಗಳಲ್ಲಿ ಕಾದಿದನು. 1792ರ ಒಪ್ಪಂದದಿಂದ ಬಾರಾಮಹಲ್ ಪ್ರಾಂತ, ಎಂದರೆ ಇಂದಿನ ಧರ್ಮಪುರಿ, ಕೃಷ್ಣಗಿರಿಗಳ ಕಡೆಯ ನಾಡು, ಕಂಪೆನಿಗೆ ಸೇರಿತು. ಅದರ ಆಡಳಿತ ಅಲೆಗ್ಸಾಂಡರ್ ರೀಡನ ಪಾಲಿಗೆ ಬಂದಿತು. ಮನ್ರೋ ಅವನ ಸಹಾಯಕರಲ್ಲಿ ಒಬ್ಬನಾದನು. ಅಲ್ಲಿ ಕಳೆದ ಏಳು ವರ್ಷಗಳೇ ಅವನ ನಿಜವಾದ ವಿದ್ಯಾಭ್ಯಾಸ. ಊರೂರು ತಿರುಗಿ, ನಡುವಣ ಗುತ್ತಿಗೆದಾರನನ್ನು ಬಿಟ್ಟು ರೈತನೊಡನೆಯೇ ಕಂದಾಯವನ್ನು ಗೊತ್ತುಪಡಿಸುವ ಕ್ರಮವನ್ನು ಅವನು ಅಲ್ಲಿ ಕಲಿತನು. ಆದರೆ ಕೊನೆಯ ಹೊಣೆ ರೀಡನದಾಗಿದ್ದಿತು.

ಟಿಪ್ಪುವಿನ ಪತನದ ಬಳಿಕ ಕೆಲಕಾಲ ಕನ್ನಡ ಜಿಲ್ಲೆಯ ಕರಾವಳಿಯಲ್ಲಿದ್ದು, 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದನು. ಬಳ್ಳಾರಿ, ಅನಂತಪುರ, ಕಡಪಗಳಿಂದ ಕೂಡಿದ ವಿಶಾಲ ಸೀಮೆಯದು. ಸುಮಾರು ಎಂಬತ್ತು ಮಂದಿ ಪಾಳೆಯಗಾರರಿದ್ದರು. ಈಗ ಸಹಾಯಕರು ಅವನ ಕೈಕೆಳಗೆ, ಹೊಣೆ ಅವನ ತಲೆಯ ಮೇಲೆ. ಪಾಳೆಯಗಾರರ ಬಲವನ್ನು ಅವನು ಮುರಿದನು. ಡೇರೆಯಲ್ಲಿಯೇ ವಾಸಿಸುತ್ತ ಹೊಲಹೊಲವನ್ನೂ ಅಳೆಯಿಸಿ, ನೆಲದ ಗುಣವನ್ನು ನೋಡಿ ದರ ಕಟ್ಟಿಸಿದನು.

ಕ್ರಮವೇನೋ ಒಳ್ಳೆಯದು, ದರ ಮಾತ್ರ ಭಾರವಾಗಿದ್ದಿತು. ಕಂಪೆನಿಗೆ ಹಣ ಬೇಕಾಗಿದ್ದಿತು. ನಡುವೆ ಮಳೆಯೂ ಕೈಕೊಟ್ಟಿತು. ರೀಡನ ನೆರಳು ಈಗ ಇರಲಿಲ್ಲ. 1807ರಲ್ಲಿ ಸ್ವದೇಶಕ್ಕೆ ಹೊರಡುವಾಗ, ತಾನೇ ಕಟ್ಟಿಸಿದ ಕಂದಾಯದಲ್ಲಿ ಕಾಲು ಭಾಗವನ್ನು ಇಳಿಸಬೇಕೆಂದು ಮನ್ರೋ ಸರಕಾರಕ್ಕೆ ಸಲಹೆ ಮಾಡಿದನು. ಸಹಾಯಕನಿಗೆ ಇಂತಹ ಪರೀಕ್ಷೆ ಬರುವುದಿಲ್ಲ. ತನ್ನ ಲೆಕ್ಕವನ್ನು ತಾನೇ ತಿದ್ದಬೇಕಾಗಿ ಬರುವುದು ಮುಖ್ಯನಿಗೆ.

ಸರಕಾರ ಆಗ ಒಪ್ಪಲಿಲ್ಲ. ರೈತವಾರಿಯನ್ನು ಕೈಬಿಟ್ಟು, ಹಳ್ಳಿಗಳನ್ನು ಮೊದಲು ಮೂರು ವರ್ಷಕ್ಕೆ, ಬಳಿಕ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಗುತ್ತಿಗೆದಾರರು ಅನೇಕರು ಹಾಳಾದರು, ರೈತರೂ ಬಳಲಿದರು. 1820ರಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಮರಳಿದ ಮೇಲೆಯೇ ರೈತವಾರಿ ಮತ್ತೆ ನೆಲೆಗೊಂಡು, ಆ ಇಳಿತ ದೊರೆಯಿತು. ಹದಿಮೂರು ವರ್ಷ ರೈತನು ತೆತ್ತದ್ದು ಮಾತ್ರ ಮರಳಿ ಬರಲಿಲ್ಲ. ಇದನ್ನು ಮರೆತು ಅವನನ್ನು ಹೊಗಳುವುದು ನ್ಯಾಯವಲ್ಲ.

1827ರಲ್ಲಿ ಊರಿಗೆ ಹಿಂದಿರುಗುವ ಮುನ್ನ ಅವನು ದತ್ತಮಂಡಲವನ್ನು ಕೊನೆಯ ಬಾರಿ ನೋಡಲು ಬಂದನು. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು, ಗುತ್ತಿಯಲ್ಲಿ ಮಣ್ಣಾದನು. ಈ ಸೀಮೆಯ ಜನ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟುದುಂಟು. ಪರದೇಶದ ಅಧಿಕಾರಿಯೊಬ್ಬನಿಗೆ ಆ ಪ್ರೀತಿ ಸಂದುದು ಅವನು ತಪ್ಪದೆ ನಡೆದುದರಿಂದಲ್ಲ. ಹೊಲದ ಬದುವಿನ ಮೇಲೆ ಕಲಿತುದನ್ನು ಅಧಿಕಾರದ ಪೀಠದಲ್ಲಿ ಮರೆಯದೆ ಇದ್ದುದರಿಂದ.