ಆನೆಮರಿಗೆ ಬಟ್ಟೆ ತೊಡಿಸಿದ ಚಿತ್ರಕಾರ

1930ರಲ್ಲಿ ಫ್ರಾನ್ಸಿನ ಮನೆಯೊಂದರಲ್ಲಿ ಮಾತ್ಯೂ ಎಂಬ ಪುಟ್ಟ ಹುಡುಗನಿಗೆ ಹೊಟ್ಟೆನೋವು. ಅವನನ್ನು ಸಮಾಧಾನಪಡಿಸಲು ತಾಯಿ ಸೆಸಿಲ್ ಆನೆಮರಿಯ ಕಥೆ ಕಟ್ಟಿದರು. ಬೇಟೆಗಾರ ತಾಯಿ ಆನೆಯನ್ನು ಕೊಲ್ಲುತ್ತಾನೆ, ಮರಿ ಹೆದರಿ ಪಟ್ಟಣಕ್ಕೆ ಓಡುತ್ತದೆ, ಅಲ್ಲಿ ಬಟ್ಟೆ ಕೊಳ್ಳುತ್ತದೆ. ಮಾತ್ಯೂ ಮತ್ತು ಅವನ ಅಣ್ಣ ಲೊರಾಂಗೆ ಕಥೆ ಎಷ್ಟು ಹಿಡಿಸಿತೆಂದರೆ, ಇಬ್ಬರೂ ಅದನ್ನು ಅಪ್ಪನಿಗೆ ಒಪ್ಪಿಸಿದರು. ಆ ಅಪ್ಪನೇ ಜಾನ್ ದ ಬ್ರುನೋಫ್.

1899ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಬ್ರುನೋಫ್, ಮೊದಲ ಮಹಾಯುದ್ಧದ ಕೊನೆಗಾಲದಲ್ಲಿ ಸೈನ್ಯ ಸೇರಿ, ಮರಳಿದ ಮೇಲೆ ಚಿತ್ರಕಲೆ ಕಲಿತರು. ಹೆಸರು ತಂದದ್ದು ಮಾತ್ರ ಮನೆಮಕ್ಕಳಿಗಾಗಿ ಬರೆದ ಚಿತ್ರಗಳೇ. 1931ರಲ್ಲಿ ಅವು ಪುಸ್ತಕವಾದವು. ಆನೆಗೆ ಬಬಾರ್ ಎಂದು ಹೆಸರಿಟ್ಟವರು, ಅದನ್ನು ಸಾಕುವ ಪಟ್ಟಣದ ಮುದುಕಿಯನ್ನು ಸೇರಿಸಿದವರು ಅವರೇ. ಮುಖಪುಟದಲ್ಲಿ ಸೆಸಿಲ್ ಹೆಸರೂ ಇರಬೇಕಿತ್ತು, ಆಕೆಯೇ ಬೇಡವೆಂದರು. ಇಂಥ ತಾಯಂದಿರು ನಮಗೂ ಅಪರಿಚಿತರಲ್ಲ.

ಅದೇ 1931ರಲ್ಲಿ ಪ್ಯಾರಿಸ್‌ನ ವಾಂಸೆನ್‌ನಲ್ಲಿ ಫ್ರಾನ್ಸ್ ತನ್ನ ವಸಾಹತುಗಳ ಭಾರೀ ಪ್ರದರ್ಶನ ನಡೆಸಿತ್ತು. ಆ ಗಾಳಿ ಪುಸ್ತಕದೊಳಗೂ ಬೀಸಿದೆ. ಕಾಡಿಗೆ ಮರಳಿದ ಬಬಾರ್‌ನನ್ನು ಆನೆಗಳು ರಾಜನನ್ನಾಗಿ ಆರಿಸುವುದು ಏಕೆ? ಮನುಷ್ಯರ ನಡುವೆ ಬಾಳಿ ಬಹಳ ಕಲಿತು ಬಂದಿದ್ದಾನೆ ಎಂದು. ಅವನ ತಾಯಿಯನ್ನು ಕೊಂದವನೂ ಮನುಷ್ಯನೇ ಎಂಬುದು ಅಲ್ಲಿ ಯಾರಿಗೂ ನೆನಪಾಗುವುದಿಲ್ಲ! 1932ರ ಎರಡನೇ ಪುಸ್ತಕದಲ್ಲಿ ಬಬಾರ್ ದಂಪತಿಯ ಬಲೂನು ಒಂದು ದ್ವೀಪದಲ್ಲಿ ಇಳಿಯುತ್ತದೆ. ಅಲ್ಲಿರುವ ಕಪ್ಪು ಜನರೆಲ್ಲ ನರಭಕ್ಷಕರು. ಆನೆಗೆ ಅಷ್ಟು ಘನತೆ ಕೊಟ್ಟ ಕುಂಚ ಮನುಷ್ಯರಿಗೆ ಅದನ್ನು ಕೊಡಲಿಲ್ಲ.

ಕ್ಷಯರೋಗ 1937ರಲ್ಲಿ ಬ್ರುನೋಫ್ ಅವರನ್ನು ಕೊಂಡೊಯ್ದಿತು. ವಯಸ್ಸು ಬರೀ 37. ಏಳು ಪುಸ್ತಕಗಳಲ್ಲಿ ಕೊನೆಯ ಎರಡು ಬಂದದ್ದು ಆಮೇಲೆ. ಅವುಗಳ ಕೆಲವು ಚಿತ್ರಗಳಿಗೆ ಬಣ್ಣ ತುಂಬಲು ಹುಡುಗ ಲೊರಾಂ ಕೈಜೋಡಿಸಿದ್ದ. 1946ರಿಂದ ಬಬಾರ್‌ನನ್ನು ಮುಂದುವರಿಸಿದವನೂ ಅವನೇ. ಅಪ್ಪನ ನೆನಪು ಉಳಿಯಲೆಂದು ಅಪ್ಪನ ಗೆರೆಯನ್ನೇ ಹಿಡಿದ. ಗೆರೆಯ ಜೊತೆ ಅಪ್ಪನ ಕಾಲದ ಕಣ್ಣೂ ಬಂತು. 1949ರ ಬಬಾರ್ ಪಿಕ್ನಿಕ್ ಪುಸ್ತಕದಲ್ಲಿ ಕಪ್ಪು ಜನರು ಮತ್ತೆ ಕಾಡು ಮನುಷ್ಯರು.

ಮುಂದೆ ನೊಬೆಲ್ ಪಡೆದ ಟೋನಿ ಮಾರಿಸನ್ ಅಮೆರಿಕದ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದಾಗ ಇದಕ್ಕೆ ಆಕ್ಷೇಪ ಎತ್ತಿದರು. ಲೊರಾಂ ವಾದಕ್ಕಿಳಿಯದೆ, ತಮ್ಮ ಆ ಪುಸ್ತಕದ ಮರುಮುದ್ರಣ ನಿಲ್ಲಿಸಲು ಒಪ್ಪಿದರು. ಅಪ್ಪನ 1932ರ ಪುಸ್ತಕ ಮಾತ್ರ ಅಂಗಡಿಗಳಲ್ಲಿ ಉಳಿಯಿತು.