ಬ್ಯಾಟರಿಯ ಮೇಲೊಂದು ಹೆಸರು

ಇನ್ವರ್ಟರ್ ಕೊಳ್ಳಲು ಹೋದಾಗ ಅಂಗಡಿಯವರು 150 ಎಎಚ್ ಬ್ಯಾಟರಿ ಸಾಕೇ ಎಂದು ಕೇಳುತ್ತಾರೆ. ನಾವೂ ಅರ್ಥವಾದವರಂತೆ ತಲೆಯಾಡಿಸುತ್ತೇವೆ. ಅದರಲ್ಲಿರುವ 'ಎ' ಒಬ್ಬ ಕಥೋಲಿಕ ವಿಜ್ಞಾನಿಯ ಹೆಸರು: ಆಂದ್ರೆ ಮರೀ ಆಂಪಿಯರ್.

ಅವರು ಹುಟ್ಟಿದ್ದು 1775ರಲ್ಲಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ. ಶಾಲೆಯ ಮೆಟ್ಟಿಲು ಹತ್ತದೆ ತಂದೆಯ ಪುಸ್ತಕಗಳಿಂದಲೇ ಕಲಿತರು. 1793ರಲ್ಲಿ ಫ್ರೆಂಚ್ ಕ್ರಾಂತಿಕಾರಿಗಳು ಆ ತಂದೆಯ ಶಿರಚ್ಛೇದ ಮಾಡಿದರು. ಹದಿನೆಂಟರ ಯುವಕ ಬಹುಕಾಲ ಓದು ಬಿಟ್ಟು ಮಂಕಾಗಿ ಕುಳಿತರು.

1799ರಲ್ಲಿ ಜೂಲಿಯೊಡನೆ ವಿವಾಹವಾಯಿತು. ಮರುವರ್ಷ ಗಂಡುಮಗು. ಆದರೆ ಜೂಲಿ ಹಾಸಿಗೆ ಹಿಡಿದರು. ಸಂಬಳ ಬೇಕಲ್ಲ! ಕಾಯಿಲೆಯ ಹೆಂಡತಿಯನ್ನೂ ಮಗುವನ್ನೂ ಲಿಯೋನಿನಲ್ಲಿ ಬಿಟ್ಟು ಆಂಪಿಯರ್ ಬೂರ್ಗ್ ಪಟ್ಟಣದಲ್ಲಿ ಪಾಠ ಹೇಳಲು ಹೋದರು. ಕೊನೆಗೆ ಲಿಯೋನಿನಲ್ಲೇ ಕೆಲಸ ಸಿಕ್ಕಿತು, ಆದರೆ 1803ರ ಜುಲೈನಲ್ಲಿ ಜೂಲಿ ತೀರಿಕೊಂಡರು. ಮಗುವಿಗೆ ಮೂರು ತುಂಬಿರಲಿಲ್ಲ. ಆಮೇಲೆ ಪ್ಯಾರಿಸ್, ಸುಖವಿಲ್ಲದ ಎರಡನೆಯ ಮದುವೆ, ವಿಶ್ವಾಸದಲ್ಲಿ ವರ್ಷಗಟ್ಟಲೆ ಸಂಶಯ. 1817ರ ಹೊತ್ತಿಗೆ ಅವರು ಪ್ರಾರ್ಥನೆಗೆ ಮರಳಿದರು.

1820ರಲ್ಲಿ ಡೆನ್ಮಾರ್ಕಿನಿಂದ ಸುದ್ದಿ ಬಂತು: ತಂತಿಯಲ್ಲಿ ವಿದ್ಯುತ್ ಹರಿದರೆ ದಿಕ್ಸೂಚಿಯ ಮುಳ್ಳು ತಿರುಗುತ್ತದೆ. ಕೆಲವೇ ವಾರಗಳಲ್ಲಿ ಆಂಪಿಯರ್, ವಿದ್ಯುತ್ ಒಂದೇ ದಿಕ್ಕಿಗೆ ಹರಿಯುವ ಎರಡು ತಂತಿಗಳು ಪರಸ್ಪರ ಸೆಳೆಯುತ್ತವೆಂದು ತೋರಿಸಿದರು. ವಿದ್ಯುತ್ತಿನ ಒತ್ತಡ ಬೇರೆ, ಹರಿವು ಬೇರೆ ಎಂದು ಬಿಡಿಸಿ ಹೇಳಿದವರೂ ಅವರೇ.

ನೀರಿನ ತೊಟ್ಟಿಯನ್ನು ನೆನೆಯಿರಿ. ತೊಟ್ಟಿಯ ಎತ್ತರ ವೋಲ್ಟ್, ನಲ್ಲಿಯ ಹರಿವು ಆಂಪಿಯರ್, ಒಳಗಿರುವ ನೀರು ಎಎಚ್, ಅಂದರೆ ಆಂಪಿಯರ್-ಗಂಟೆ. 150 ಎಎಚ್ ಎಂದರೆ ಒಂದು ಗಂಟೆ 150 ಆಂಪಿಯರ್ ಸಿಗುತ್ತದೆಂದು ತಿಳಿಯಬೇಡಿ. ಇನ್ವರ್ಟರ್ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಅದು 20 ಗಂಟೆಗಳ ಲೆಕ್ಕ: ಗಂಟೆ ಗಂಟೆಗೂ ಏಳೂವರೆ ಆಂಪಿಯರಿನಂತೆ ನಿಧಾನವಾಗಿ ತೆಗೆದರೆ ಮಾತ್ರ ಪೂರ್ತಿ ಸಿಗುತ್ತದೆ. ಅವಸರದಿಂದ ಎಳೆದರೆ ಸೀಸದ ಬ್ಯಾಟರಿ ಕೊಡುವುದೇ ಕಡಿಮೆ. ಮಿಕ್ಸಿ ಓಡಿಸಿದ ದಿನ ಫ್ಯಾನು ನಮ್ಮ ಲೆಕ್ಕಕ್ಕಿಂತ ಬೇಗ ನಿಲ್ಲುವುದು ಇದಕ್ಕೇ.

1831ರಲ್ಲಿ ಲಿಯೋನಿನಿಂದ ಓದಲು ಬಂದ ಹುಡುಗನೊಬ್ಬನಿಗೆ ಆಂಪಿಯರ್ ತಮ್ಮ ಪ್ಯಾರಿಸ್ ಮನೆಯಲ್ಲಿ ಜಾಗ ಕೊಟ್ಟರು. ಅವನೇ ಫ್ರೆಡರಿಕ್ ಓಝಾನಾಮ್. 1833ರಲ್ಲಿ ಅವನೂ ಗೆಳೆಯರೂ ಆರಂಭಿಸಿದ್ದೇ ನಮ್ಮ ಧರ್ಮಕೇಂದ್ರಗಳಲ್ಲಿ ಬಡವರ ಮನೆಗಳಿಗೆ ಹೋಗುವ ಸಂತ ವಿನ್ಸೆಂಟ್ ದಿ ಪೌಲ್ ಸಭೆ.

1836ರ ಜೂನ್ 10ರಂದು ಆಂಪಿಯರ್ ಮಾರ್ಸೆಯಲ್ಲಿ ನಿಧನರಾದರು. 1881ರ ಪ್ಯಾರಿಸ್ ಸಮ್ಮೇಳನ ವಿದ್ಯುತ್ ಹರಿವಿನ ಅಳತೆಗೆ ಅವರ ಹೆಸರಿಟ್ಟಿತು. ಅವರ ಸಮಾಧಿ ಈಗ ಪ್ಯಾರಿಸಿನ ಮೋಮಾರ್ತ್ರ್ ಸ್ಮಶಾನದಲ್ಲಿದೆ, ಜೂಲಿ ಬಿಟ್ಟುಹೋದ ಆ ಮಗನ ಜೊತೆಯಲ್ಲಿ.