ಬೀದರ್ ಸಂಸದ ಧರಂಸಿಂಗ್ ಮತ್ತು 371(ಜೆ)

ಮಕ್ಕಳೇ, ವಕೀಲಿ ಓದಿದವರು ಶಾಸನಸಭೆಗೆ ಹೋಗುವುದು ಅಮೆರಿಕದಲ್ಲಿ ಬೆಳೆಯುವ ನಿಮಗೆ ಹೊಸದಲ್ಲ. ಲಿಂಕನ್ ಇಲಿನಾಯ್ ಶಾಸನಸಭೆಯಲ್ಲಿದ್ದಾಗಲೇ ವಕೀಲರಾದರು. ಕರ್ನಾಟಕದ ಈಶಾನ್ಯ ಭಾಗವಾದ ಕಲ್ಯಾಣ ಕರ್ನಾಟಕದಲ್ಲಿ ಅಂಥ ದಾರಿ ಹಿಡಿದವರು ಎನ್. ಧರಂಸಿಂಗ್. 1936ರಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ಹುಟ್ಟಿದ ಅವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ., ಎಲ್‌ಎಲ್.ಬಿ. ಮುಗಿಸಿ, ಕಲಬುರಗಿಯ ನಗರಾಡಳಿತದಿಂದ ರಾಜಕೀಯಕ್ಕೆ ಬಂದರು. 1978ರಿಂದ 2004ರವರೆಗೆ ಜೇವರ್ಗಿಯಿಂದ ವಿಧಾನಸಭೆಗೆ ಗೆಲ್ಲುತ್ತಲೇ ಬಂದರು. ರಜಪೂತ ಮನೆತನದ ಅವರಿಗೆ ಅಲ್ಲಿ ಸ್ವಜಾತಿಯ ಮತಬಲವೇ ಇರಲಿಲ್ಲ ಎಂಬುದು ನೆನಪಿಡಬೇಕಾದ ಸಂಗತಿ. 2004ರ ಮೇನಲ್ಲಿ ಮುಖ್ಯಮಂತ್ರಿಯಾದರು. ಅವರ ಸಮ್ಮಿಶ್ರ ಸರ್ಕಾರ ಇಪ್ಪತ್ತು ತಿಂಗಳಲ್ಲಿ ಬಿತ್ತು. ಜನ ಅವರನ್ನು ನೆನೆಯುವುದು ಆ ಕುರ್ಚಿಯಿಂದ. ಆದರೆ ಅವರ ಬದುಕಿನ ತೂಕ ಇರುವುದು 2008ರಲ್ಲಿ ಜೇವರ್ಗಿಯಲ್ಲೇ ಸೋತು, 2009ರಲ್ಲಿ ಬೀದರ್ ಸಂಸದರಾದ ಮೇಲಿನ ಕೆಲಸದಲ್ಲಿ ಎಂಬುದು ನನ್ನ ವಾದ.

ಆ ಕೆಲಸ ಅರ್ಥವಾಗಲು ಹಿಂದಕ್ಕೆ ಹೋಗಬೇಕು. ನಿಜಾಮರು ಆಳಿದ್ದ ಹೈದರಾಬಾದ್ ರಾಜ್ಯ 1956ರಲ್ಲಿ ಮೂರು ಪಾಲಾಯಿತು. ಮರಾಠವಾಡಕ್ಕೆ ಅದೇ ವರ್ಷ, ವಿಶೇಷ ಅವಕಾಶ ಕೊಡುವ ಸಂವಿಧಾನದ 371ನೇ ವಿಧಿಯಲ್ಲಿ ಜಾಗ ಸಿಕ್ಕಿತು. ತೆಲಂಗಾಣವಿದ್ದ ಆಂಧ್ರಕ್ಕೆ 1973ರ ತಿದ್ದುಪಡಿಯಿಂದ 371(ಡಿ) ಬಂತು. ಬೀದರ್, ಕಲಬುರಗಿ, ರಾಯಚೂರುಗಳ ಕನ್ನಡದ ಪಾಲು ಮಾತ್ರ ಬರಿಗೈಯಲ್ಲಿ ಉಳಿಯಿತು. ತಮಗೂ ಅಂಥ ವಿಧಿ ಬೇಕೆಂಬ ಈ ಭಾಗದವರ ಬೇಡಿಕೆಯನ್ನು ಕೇಂದ್ರ ಒಮ್ಮೆ ತಳ್ಳಿಯೂ ಹಾಕಿತ್ತು. 2012ರ ಡಿಸೆಂಬರಿನಲ್ಲಿ ಸಂಸತ್ತು ಈ ಭಾಗದವರಿಗೆ ಓದು ಮತ್ತು ಉದ್ಯೋಗದಲ್ಲಿ ಮೀಸಲಾತಿಗೆ ದಾರಿ ಮಾಡುವ 371(ಜೆ) ವಿಧಿಯನ್ನು ಒಪ್ಪಿದಾಗ, ಅದಕ್ಕಾಗಿ ಪಟ್ಟುಹಿಡಿದವರಲ್ಲಿ ಧರಂಸಿಂಗ್ ಇದ್ದರು.

ಒಬ್ಬರಿಗೇ ಏಕೆ ಈ ಶ್ರೇಯ ಎಂದು ಕೇಳಬಹುದು. ಒಬ್ಬರದಲ್ಲ, ನಿಜ. ಬೀದಿಯಲ್ಲಿ ದಶಕಗಟ್ಟಲೆ ಹೋರಾಡಿದವರು ವೈಜನಾಥ ಪಾಟೀಲರು. ಕೇಂದ್ರ ಸಂಪುಟದಲ್ಲಿ ಮಲ್ಲಿಕಾರ್ಜುನ ಖರ್ಗೆಯವರಿದ್ದರು. ಆದರೆ ಬೀದಿಯ ಕೂಗು ಸಂವಿಧಾನದ ವಾಕ್ಯವಾಗಬೇಕಾದರೆ ಸದನದೊಳಗೆ ಸಹನೆಯಿಂದ ಬೆನ್ನುಹತ್ತುವವರೂ ಬೇಕು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಅಕ್ರಮ ಗಣಿಗಾರಿಕೆ ಕುರಿತ 2008ರ ಲೋಕಾಯುಕ್ತ ವರದಿ ಮುಖ್ಯಮಂತ್ರಿಯಾಗಿ ಧರಂಸಿಂಗ್ ಅವರ ನಡೆಯನ್ನು ತಪ್ಪೆಂದಿತು. ಅದನ್ನು ಮರೆಮಾಚಬಾರದು, ಅದರಿಂದ 371(ಜೆ) ಸಣ್ಣದೂ ಆಗುವುದಿಲ್ಲ. ಮೀಸಲಾತಿಯೊಂದೇ ಹಿಂದುಳಿದಿರುವಿಕೆಯನ್ನು ನೀಗುವುದಿಲ್ಲ ಎಂಬ ಮಾತೂ ಸರಿ: ಮೀಸಲಿಟ್ಟ ಹುದ್ದೆ ಭರ್ತಿಯಾಗದಿದ್ದರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ. ಆದರೂ ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲೋ ಔರಾದದಲ್ಲೋ ಓದಿದ ಹುಡುಗಿಗೆ ಈ ಪ್ರದೇಶದ ಕಾಲೇಜುಗಳಲ್ಲಿ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳ ಪಾಲು ಈಗ ದಯೆಯಲ್ಲ, ಹಕ್ಕು. ಸರ್ಕಾರ ಬದಲಾದರೂ ಅದರ ಹಿಂದಿರುವ ಸಂವಿಧಾನದ ವಿಧಿಯನ್ನು ಒಂದು ಆದೇಶದಿಂದ ಅಳಿಸಲಾಗದು. ಧರಂಸಿಂಗ್ 2014ರಲ್ಲಿ ಬೀದರಿನಲ್ಲಿ ಸೋತರು, 2017ರ ಜುಲೈನಲ್ಲಿ ತೀರಿಕೊಂಡರು. ಹುದ್ದೆಗಳ ಭರ್ತಿಗಾಗಿ ಈ ಭಾಗದವರು ಇಂದಿಗೂ ವಾದಿಸುವಾಗ ಆಧಾರವಾಗಿ ಹಿಡಿಯುವುದು ಆ ವಿಧಿಯನ್ನೇ.